ಆಟೋಕ್ಯಾಡ್‌ನಲ್ಲಿ ಕಾಗದದ ಅಳತೆಗಳು: ಬೇಡದ್ದನ್ನು ಮರೆಮಾಡಿ, ಬೇಕಾದ್ದನ್ನು ಸೇರಿಸಿ, ಸ್ಕೇಲ್ ಕಾಪಾಡುವ ಕ್ರಮ

ಆಟೋಕ್ಯಾಡ್‌ನಲ್ಲಿ ಪ್ರಿಂಟ್ ಕೊಡಲು ಹೋಗಿ ಪೇಪರ್ ಸೈಜ್ ಪಟ್ಟಿಯನ್ನು ತೆರೆದರೆ ಎ1 ಎಂಬ ಒಂದೇ ಹಾಳೆಗೆ ಹಲವು ಸಾಲುಗಳು ಕಾಣುತ್ತವೆ. ಐಎಸ್‌ಒ ಎ1, ಐಎಸ್‌ಒ ಎಕ್ಸ್‌ಪ್ಯಾಂಡ್ ಎ1, ಐಎಸ್‌ಒ ಫುಲ್ ಬ್ಲೀಡ್ ಎ1. ಅವುಗಳಲ್ಲೇ ಮತ್ತೆ 841 x 594 ಒಂದು, 594 x 841 ಇನ್ನೊಂದು. ಇವುಗಳ ನಡುವೆ ಆನ್ಸಿ, ಆರ್ಕ್ ಎಂಬ ಇಂಚಿನ ಅಳತೆಗಳ ಸಾಲು ಬೇರೆ. ಅವಸರದಲ್ಲಿ ಆಯ್ಕೆ ಒಂದು ಸಾಲು ಆಚೀಚೆಯಾದರೆ ಬಾರ್ಡರ್ ಕತ್ತರಿಸಿಹೋಗುತ್ತದೆ, ಇಲ್ಲವೇ ಸ್ಕೇಲ್ ತಪ್ಪುತ್ತದೆ. ಬಾರ್ಡರ್ ಕತ್ತರಿಸಿದ್ದು ಕಣ್ಣಿಗೆ ಬೀಳುತ್ತದೆ, ಇನ್ನೊಂದು ಪ್ರತಿ ತೆಗೆದರಾಯಿತು. ಸ್ಕೇಲ್ ತಪ್ಪಿದ ಡ್ರಾಯಿಂಗ್ ನೋಡಲು ಸರಿಯಾಗಿಯೇ ಇರುತ್ತದೆ; ಯಾರಾದರೂ ಅದರ ಮೇಲೆ ಅಳತೆಪಟ್ಟಿ ಇಟ್ಟು ಲೆಕ್ಕ ಹಾಕುವವರೆಗೆ ತಪ್ಪು ಹೊರಬರುವುದಿಲ್ಲ. ಅದಕ್ಕೇ ಈ ಪಟ್ಟಿಯನ್ನು ಒಮ್ಮೆ ಕೂತು ಸರಿಮಾಡಿಕೊಳ್ಳುವುದು ಒಳ್ಳೆಯದು. ಒಂದು ಗಂಟೆಯೊಳಗೆ ಮುಗಿಯುವ ಕೆಲಸ ಇದು.

ಪಟ್ಟಿ ಎಲ್ಲಿಂದ ಬರುತ್ತದೆ

ಮೊದಲು ತಿಳಿಯಬೇಕಾದ ಸಂಗತಿ: ಕಾಗದದ ಅಳತೆಗಳ ಪಟ್ಟಿ ನಿಮ್ಮ ಡ್ರಾಯಿಂಗ್‌ಗೆ ಸೇರಿದ್ದಲ್ಲ, ಪ್ರಿಂಟರ್‌ಗೆ ಸೇರಿದ್ದು. ಪ್ಲಾಟ್ ಡಯಲಾಗ್‌ನಲ್ಲಿ (ಪ್ರಿಂಟ್ ಕೊಡುವ ಕಿಟಕಿ) ಪ್ರಿಂಟರ್ ಹೆಸರು ಬದಲಿಸಿದ ಕೂಡಲೇ ಕೆಳಗಿನ ಪಟ್ಟಿಯೂ ಬದಲಾಗುವುದು ಇದೇ ಕಾರಣಕ್ಕೆ. ಡ್ರಾಯಿಂಗ್ ಫೈಲಿನ ಲೇಔಟ್ (ಪ್ರಿಂಟ್‌ಗೆಂದು ಹಾಳೆಯ ಮೇಲೆ ಜೋಡಿಸಿಟ್ಟ ಪುಟ) ನೆನಪಿಟ್ಟುಕೊಳ್ಳುವುದು ಇಷ್ಟೇ: ಯಾವ ಪ್ರಿಂಟರ್, ಅದರಲ್ಲಿ ಯಾವ ಹೆಸರಿನ ಹಾಳೆ, ಯಾವ ಸ್ಕೇಲ್. ಆ ಹೆಸರಿನ ಹಾಳೆ ಇನ್ನೊಂದು ಕಂಪ್ಯೂಟರ್‌ನಲ್ಲಿ ಇಲ್ಲದಿದ್ದರೆ ಲೇಔಟ್ ಅನಾಥವಾಗುತ್ತದೆ.

ಪ್ರಿಂಟರ್ ಹೆಸರುಗಳಲ್ಲಿ ಎರಡು ಬಗೆ. ಒಂದು, ವಿಂಡೋಸ್‌ನಲ್ಲಿ ಅಳವಡಿಸಿರುವ ಸಿಸ್ಟಂ ಪ್ರಿಂಟರ್. ಅದರ ಕಾಗದದ ಪಟ್ಟಿ ಡ್ರೈವರ್‌ನಿಂದ ನೇರ ಬರುತ್ತದೆ. ಇನ್ನೊಂದು, ಹೆಸರಿನ ಕೊನೆಗೆ ಪಿಸಿ3 ಎಂದಿರುವ ಕಾನ್ಫಿಗರೇಶನ್ ಫೈಲು. ಡಿಡಬ್ಲ್ಯೂಜಿ ಟು ಪಿಡಿಎಫ್ ಎಂಬುದು ಎಲ್ಲರೂ ನಿತ್ಯ ಬಳಸುವ ಪಿಸಿ3. ಯಾವ ಸಾಧನ, ಯಾವ ಪೋರ್ಟ್, ಗುಣಮಟ್ಟ ಎಷ್ಟು ಎಂಬುದೆಲ್ಲ ಪಿಸಿ3ಯಲ್ಲಿರುತ್ತದೆ. ನೀವೇ ಸೇರಿಸಿದ ಕಾಗದದ ಅಳತೆ, ತಿದ್ದಿದ ಅಂಚು, ಪ್ಲಾಟರ್ (ದೊಡ್ಡ ಹಾಳೆಯ ಪ್ರಿಂಟರ್) ಕ್ಯಾಲಿಬ್ರೇಶನ್, ಅಂದರೆ ಅಳತೆಯ ಹೊಂದಾಣಿಕೆ, ಇವು ಮಾತ್ರ ಪಿಎಂಪಿ ಎಂಬ ಬೇರೊಂದು ಫೈಲಿನಲ್ಲಿ ಕೂರುತ್ತವೆ. ಪಿಸಿ3 ಆ ಪಿಎಂಪಿಯನ್ನು ತನಗೆ ಜೋಡಿಸಿಕೊಂಡಿರುತ್ತದೆ. ಈ ಎರಡು ಫೈಲುಗಳ ಸಂಬಂಧ ಅರ್ಥವಾದರೆ ಮುಂದೆ ಬರುವ ತೊಂದರೆಗಳಲ್ಲಿ ಬಹುಪಾಲು ತಾನಾಗಿ ಬಿಡಿಸಿಕೊಳ್ಳುತ್ತವೆ.

ಸ್ವಂತ ಪಿಸಿ3 ಮಾಡಿಕೊಳ್ಳಿ

ಆಟೋಕ್ಯಾಡ್ ಜೊತೆ ಬಂದ ಮೂಲ ಫೈಲನ್ನು ತಿದ್ದಬೇಡಿ. ಕೈತಪ್ಪಿದರೆ ಹಿಂದಿರುಗಲು ಮೂಲವೊಂದು ಉಳಿದಿರಬೇಕು.

1. ಕಮಾಂಡ್ ಸಾಲಿನಲ್ಲಿ ಪ್ಲಾಟರ್‌ಮ್ಯಾನೇಜರ್ (PLOTTERMANAGER) ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಪಿಸಿ3 ಫೈಲುಗಳಿರುವ ಪ್ಲಾಟರ್ಸ್ ಫೋಲ್ಡರ್ ತೆರೆದುಕೊಳ್ಳುತ್ತದೆ.

2. ಡಿಡಬ್ಲ್ಯೂಜಿ ಟು ಪಿಡಿಎಫ್ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಪ್ಲಾಟರ್ ಕಾನ್ಫಿಗರೇಶನ್ ಎಡಿಟರ್ ಬರುತ್ತದೆ. ಅದರಲ್ಲಿ ಜನರಲ್, ಪೋರ್ಟ್ಸ್, ಡಿವೈಸ್ ಅಂಡ್ ಡಾಕ್ಯುಮೆಂಟ್ ಸೆಟ್ಟಿಂಗ್ಸ್ ಎಂದು ಮೂರು ಟ್ಯಾಬ್.

3. ಕೆಳಗಿನ ಸೇವ್ ಆ್ಯಸ್ ಗುಂಡಿ ಒತ್ತಿ ಹೊಸ ಹೆಸರು ಕೊಡಿ. ಹೆಸರು ನೋಡಿದವರಿಗೆ ಕೆಲಸ ಗೊತ್ತಾಗಬೇಕು. ‘ಪಿಡಿಎಫ್ ಎ ಸರಣಿ’ ಎಂಬುದು ‘ಹೊಸದು 2’ ಎಂಬುದಕ್ಕಿಂತ ಎಷ್ಟೋ ಮೇಲು.

4. ಜನರಲ್ ಟ್ಯಾಬ್‌ನಲ್ಲಿ ಯಾವ ಪಿಎಂಪಿ ಜೋಡಿಯಾಗಿದೆ ಎಂದು ನೋಡಿ.

ನಾಲ್ಕನೆಯ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಒಂದೇ ಪಿಎಂಪಿಯನ್ನು ಎರಡು ಪಿಸಿ3ಗಳಿಗೆ ಜೋಡಿಸಬಹುದು. ಸೇವ್ ಆ್ಯಸ್ ಮಾಡಿದ ಹೊಸ ಪಿಸಿ3 ಹಳೆಯ ಪಿಎಂಪಿಯನ್ನೇ ಹಿಡಿದುಕೊಂಡಿದ್ದರೆ, ನೀವು ಇಲ್ಲಿ ಸೇರಿಸುವ ಅಳತೆಗಳು ಅಲ್ಲಿಯೂ ಕಾಣಿಸಿಕೊಳ್ಳುತ್ತವೆ, ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತವೆ. ಹಾಗಿದ್ದರೆ ಮೂರನೆಯ ಟ್ಯಾಬ್‌ನಲ್ಲಿ ಮರದ ಕೊಂಬೆಗಳಂತೆ ಕವಲೊಡೆಯುವ ಪಟ್ಟಿಯಲ್ಲಿ, ಯೂಸರ್ ಡಿಫೈನ್ಡ್ ಪೇಪರ್ ಸೈಜಸ್ ಅಂಡ್ ಕ್ಯಾಲಿಬ್ರೇಶನ್ ಎಂಬುದರ ಅಡಿಯ ಪಿಎಂಪಿ ಫೈಲ್ ನೇಮ್ ಆರಿಸಿ, ಅಲ್ಲಿ ಸೇವ್ ಆ್ಯಸ್‌ನಿಂದ ಬೇರೆ ಪಿಎಂಪಿ ಮಾಡಿ, ಅಟ್ಯಾಚ್ ಗುಂಡಿಯಿಂದ ಅದನ್ನೇ ಜೋಡಿಸಿ. ಪಿಸಿ3ಗೂ ಪಿಎಂಪಿಗೂ ಒಂದೇ ಹೆಸರಿಟ್ಟರೆ ಮುಂದೆ ಹುಡುಕುವ ಕೆಲಸ ತಪ್ಪುತ್ತದೆ.

ಬೇಡದ ಅಳತೆಗಳನ್ನು ಮರೆಮಾಡುವುದು

ಅದೇ ಮರದ ಪಟ್ಟಿಯಲ್ಲಿ ಫಿಲ್ಟರ್ ಪೇಪರ್ ಸೈಜಸ್ ಎಂಬುದನ್ನು ಆರಿಸಿ. ಕೆಳಗಿನ ಅರ್ಧದಲ್ಲಿ ಎಲ್ಲ ಅಳತೆಗಳೂ ಟಿಕ್ ಗುರುತಿನೊಡನೆ ಬರುತ್ತವೆ. ಒಂದೊಂದೇ ಟಿಕ್ ತೆಗೆಯುತ್ತ ಕೂರಬೇಡಿ. ಅನ್‌ಚೆಕ್ ಆಲ್ ಒತ್ತಿ, ನಂತರ ಬೇಕಾದಕ್ಕೆ ಮಾತ್ರ ಟಿಕ್ ಹಾಕಿ. ಎ ಸರಣಿಯಲ್ಲಿ ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಇಷ್ಟು ಸಾಕು: ಫುಲ್ ಬ್ಲೀಡ್‌ನಲ್ಲಿ (ಅಂಚು ಸೊನ್ನೆಯಿರುವ ಸಾಲುಗಳು) ಎ0 (1189 x 841), ಎ1 (841 x 594), ಎ2 (594 x 420), ಎ3 (420 x 297), ಎ4 (297 x 210), ಜೊತೆಗೆ ನಿಂತ ಎ4 (210 x 297). ಇಂಚಿನ ಹಾಳೆ ಬಳಸುವವರಿಗೆ ಆರ್ಕ್ ಡಿ ಎಂದರೆ 24 x 36 ಇಂಚು, ಆರ್ಕ್ ಇ ಎಂದರೆ 36 x 48 ಇಂಚು. ಆನ್ಸಿ ಬಿ 11 x 17, ಆನ್ಸಿ ಡಿ 22 x 34. ಆರ್ಕ್ ಡಿ ಮತ್ತು ಆನ್ಸಿ ಡಿ ಬೇರೆಬೇರೆ ಹಾಳೆಗಳು ಎಂಬುದು ನೆನಪಿರಲಿ. ಎರಡನ್ನೂ ಬರೀ ‘ಡಿ ಸೈಜ್’ ಎಂದು ಕರೆಯುವ ರೂಢಿಯಿಂದಲೇ ಎಷ್ಟೋ ಡ್ರಾಯಿಂಗ್‌ಗಳ ಅಂಚು ಹಾಳಾಗುತ್ತದೆ.

841 x 594 ಮತ್ತು 594 x 841 ಎರಡರಲ್ಲಿ ಒಂದನ್ನಷ್ಟೇ ಇಟ್ಟುಕೊಳ್ಳುವುದು ಲೇಸು. ಅಡ್ಡ ಡ್ರಾಯಿಂಗ್‌ಗೆ ಉದ್ದದ ಬದಿ ಮೊದಲಿರುವ ಸಾಲು ಮತ್ತು ಲ್ಯಾಂಡ್‌ಸ್ಕೇಪ್ ಆಯ್ಕೆ, ಇವೆರಡೂ ಒಟ್ಟಿಗಿರಬೇಕು. 594 x 841 ಆರಿಸಿ ಲ್ಯಾಂಡ್‌ಸ್ಕೇಪ್ ಒತ್ತಿದರೂ ಲೇಔಟ್ ಸರಿಯಾಗಿಯೇ ಕಾಣಬಹುದು, ಆದರೆ ಪಿಡಿಎಫ್ ತೆರೆದಾಗ ಡ್ರಾಯಿಂಗ್ ಪಕ್ಕಕ್ಕೆ ಮಲಗಿರುತ್ತದೆ.

ಫಿಲ್ಟರ್ ಅಳತೆಯನ್ನು ಅಳಿಸುವುದಿಲ್ಲ, ಕಣ್ಣಿಗೆ ಮರೆ ಮಾಡುತ್ತದೆ ಅಷ್ಟೇ. ನಾಳೆ ಬೇಕೆನಿಸಿದರೆ ಮತ್ತೆ ಟಿಕ್ ಹಾಕಿದರಾಯಿತು. ಓಕೆ ಒತ್ತಿ ಹೊರಬಂದ ಮೇಲೆ ಪ್ಲಾಟ್ ಡಯಲಾಗ್ ತೆರೆದೇ ಇದ್ದರೆ ಹಳೆಯ ಪಟ್ಟಿಯೇ ಕಾಣುತ್ತಿರಬಹುದು, ಮುಚ್ಚಿ ತೆರೆಯಿರಿ. ಹಾಗೆಯೇ ಆಪ್ಶನ್ಸ್‌ನ ಪ್ಲಾಟ್ ಅಂಡ್ ಪಬ್ಲಿಷ್ ಟ್ಯಾಬ್‌ನಲ್ಲಿ ಹೈಡ್ ಸಿಸ್ಟಂ ಪ್ರಿಂಟರ್ಸ್ ಎಂಬ ಆಯ್ಕೆಗೆ ಟಿಕ್ ಹಾಕಿದರೆ ಪ್ರಿಂಟರ್‌ಗಳ ಪಟ್ಟಿಯೂ ಚಿಕ್ಕದಾಗುತ್ತದೆ, ಪಿಸಿ3ಗಳು ಮಾತ್ರ ಉಳಿಯುತ್ತವೆ.

ಅಂಚಿನ ಲೆಕ್ಕ

ತಪ್ಪುಗಳು ಹೆಚ್ಚಾಗಿ ಹುಟ್ಟುವುದು ಇಲ್ಲಿ. ಹಾಳೆಯ ಅಳತೆ ಬೇರೆ, ಅದರಲ್ಲಿ ಅಚ್ಚಾಗುವ ಜಾಗದ ಅಳತೆ ಬೇರೆ. ಲೇಔಟ್ ತೆರೆದಾಗ ಬಿಳಿ ಹಾಳೆಯೊಳಗೆ ಕಾಣುವ ತುಂಡು ಗೆರೆಯ ಚೌಕವೇ ಅಚ್ಚಾಗುವ ಜಾಗ. ಬಾರ್ಡರ್‌ನ ಯಾವ ಗೆರೆಯಾದರೂ ಆ ಚೌಕದ ಹೊರಗಿದ್ದರೆ ಅದು ಕಾಗದಕ್ಕೆ ಬರುವುದಿಲ್ಲ. ಪ್ರಿಂಟ್ ಕೊಡುವ ಮೊದಲು ಆ ತುಂಡು ಗೆರೆಯ ಕಡೆ ಒಮ್ಮೆ ಕಣ್ಣು ಹಾಯಿಸುವ ಅಭ್ಯಾಸ ಮಾಡಿಕೊಂಡರೆ ಕಾಗದ ವ್ಯರ್ಥವಾಗುವುದು ತಾನಾಗಿ ತಗ್ಗುತ್ತದೆ.

ಒಂದು ಎ3 ಹಾಳೆಯನ್ನೇ ತೆಗೆದುಕೊಳ್ಳಿ. ತಾಂತ್ರಿಕ ಡ್ರಾಯಿಂಗ್ ಹಾಳೆಗಳಿಗೆ ಐಎಸ್‌ಒ 5457 ಹೇಳುವ ಕ್ರಮದಲ್ಲಿ ಎಡಕ್ಕೆ 20 ಮಿ.ಮೀ. (ಫೈಲಿಗೆ ಸೇರಿಸಲು), ಉಳಿದ ಮೂರು ಬದಿಗೆ 10 ಮಿ.ಮೀ. ಬಿಡಬೇಕು. 420 x 297ರಲ್ಲಿ ಅಷ್ಟು ಕಳೆದರೆ ಬಾರ್ಡರ್‌ನ ಒಳಗಿನ ಜಾಗ 390 x 277 ಮಿ.ಮೀ. ಈಗ ಡಿಡಬ್ಲ್ಯೂಜಿ ಟು ಪಿಡಿಎಫ್‌ನಲ್ಲಿ ‘ಐಎಸ್‌ಒ ಎ3’ ಎಂಬ ಸಾದಾ ಸಾಲು ಆರಿಸಿದಿರಿ ಎನ್ನಿ. ಆ ಸಾಲಿನಲ್ಲಿ ಎಡಬಲಕ್ಕೆ ಸುಮಾರು 6 ಮಿ.ಮೀ., ಮೇಲೆ ಕೆಳಗೆ ಸುಮಾರು 18 ಮಿ.ಮೀ. ಅಂಚು ಹೋಗುತ್ತದೆ. ಉಳಿಯುವುದು ಹೆಚ್ಚುಕಡಿಮೆ 408 x 261. ಅಗಲದಲ್ಲಿ 390 ಆರಾಮವಾಗಿ ಕೂರುತ್ತದೆ, ಎತ್ತರದಲ್ಲಿ 277 ಕೂರುವುದಿಲ್ಲ. ಮೇಲಿನ ಮತ್ತು ಕೆಳಗಿನ ಬಾರ್ಡರ್ ಗೆರೆ ಮಾಯ. ಇದನ್ನು ಕಂಡು ಗಾಬರಿಯಿಂದ ಫಿಟ್ ಟು ಪೇಪರ್ ಒತ್ತಿದರೆ ಎಲ್ಲವೂ 261 ಭಾಗಿಸು 277, ಅಂದರೆ 0.94ರಷ್ಟಕ್ಕೆ ಕುಗ್ಗುತ್ತದೆ. 100 ಮಿ.ಮೀ. ಗೆರೆ 94 ಮಿ.ಮೀ. ಆಗುತ್ತದೆ. ಟೈಟಲ್ ಬ್ಲಾಕ್‌ನಲ್ಲಿ (ಡ್ರಾಯಿಂಗ್‌ನ ವಿವರ ಬರೆಯುವ ಚೌಕ) ಮಾತ್ರ ಸ್ಕೇಲ್ 1:50 ಎಂದೇ ಉಳಿದಿರುತ್ತದೆ.

ಫುಲ್ ಬ್ಲೀಡ್ ಸಾಲುಗಳಲ್ಲಿ ಅಂಚು ಸೊನ್ನೆ. ಪಿಡಿಎಫ್ ಮಾಡುವವರು ಅದನ್ನೇ ಆರಿಸಬೇಕು, ಯಾಕೆಂದರೆ ಪಿಡಿಎಫ್ ಎಂಬುದು ಕಾಗದವಲ್ಲ, ಅದಕ್ಕೆ ಹಿಡಿದುಕೊಳ್ಳುವ ರೋಲರ್ ಇಲ್ಲ. ಸಾದಾ ಸಾಲಿನ ಅಂಚನ್ನೇ ತಿದ್ದಬೇಕೆಂದರೆ ಮಾಡಿಫೈ ಸ್ಟ್ಯಾಂಡರ್ಡ್ ಪೇಪರ್ ಸೈಜಸ್ ಆರಿಸಿ, ಪಟ್ಟಿಯಲ್ಲಿ ಹಾಳೆ ಹಿಡಿದು ಮಾಡಿಫೈ ಒತ್ತಿ, ನಾಲ್ಕು ಬದಿಯ ಅಂಕಿಗಳನ್ನು ಬದಲಿಸಿ, ಪಿಎಂಪಿ ಹೆಸರು ಕೊಟ್ಟು ಫಿನಿಶ್ ಮಾಡಿ.

ನಿಜವಾದ ಪ್ರಿಂಟರ್‌ನಲ್ಲಿ ಮಾತು ಬೇರೆ. ಅಲ್ಲಿ ಕಾಗದವನ್ನು ಹಿಡಿದು ಎಳೆಯಲು ಯಂತ್ರಕ್ಕೆ ಸ್ವಲ್ಪ ಅಂಚು ಬೇಕೇ ಬೇಕು. ಸಾಫ್ಟ್‌ವೇರ್‌ನಲ್ಲಿ ಸೊನ್ನೆ ಎಂದು ಬರೆದ ಮಾತ್ರಕ್ಕೆ ಯಂತ್ರ ಹಾಳೆಯ ತುದಿಯವರೆಗೆ ಅಚ್ಚು ಹಾಕುವುದಿಲ್ಲ. ತುಂಡು ಗೆರೆ ಪರದೆಯಲ್ಲಿ ಹಾಳೆಯ ತುದಿಗೆ ಸರಿಯುತ್ತದೆ, ಕಾಗದದಲ್ಲಿ ಗೆರೆ ಕತ್ತರಿಸಿಯೇ ಬರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಮುನ್ನೋಟ ಸುಳ್ಳಾಗುವುದು. ಪ್ರಿಂಟರ್ ಕೈಪಿಡಿಯಲ್ಲಿ ಕೊಟ್ಟ ಕನಿಷ್ಠ ಅಂಚನ್ನೇ ಬರೆಯಿರಿ.

ಪಟ್ಟಿಯಲ್ಲಿಲ್ಲದ ಹಾಳೆ ಸೇರಿಸುವುದು

ರಸ್ತೆಯ ಉದ್ದಛೇದ, ಕಾಲುವೆ, ಪೈಪ್‌ಲೈನ್, ಉದ್ದನೆಯ ಕಟ್ಟಡದ ಎಲಿವೇಶನ್, ಇವು ಎ0ಯಲ್ಲೂ ಹಿಡಿಸುವುದಿಲ್ಲ. ಎರಡು ಹಾಳೆಗೆ ಮುರಿದು ಅಂಟಿಸುವ ಬದಲು ರೋಲ್ ಕಾಗದದಲ್ಲಿ ಒಂದೇ ಉದ್ದ ಹಾಳೆ ತೆಗೆಯಬಹುದು. 594 ಮಿ.ಮೀ. ಎತ್ತರ, 2100 ಮಿ.ಮೀ. ಉದ್ದದ ಹಾಳೆ ಬೇಕೆಂದುಕೊಳ್ಳೋಣ.

1. ಮೊದಲು ರೋಲಿನ ಅಗಲ ನೋಡಿ. 24 ಇಂಚಿನ ರೋಲ್ ಎಂದರೆ 610 ಮಿ.ಮೀ., 36 ಇಂಚಿನದು 914 ಮಿ.ಮೀ. 594 ಎತ್ತರದ ಹಾಳೆಗೆ 24 ಇಂಚಿನ ರೋಲ್ ಸಾಕು, 841 ಎತ್ತರಕ್ಕೆ 36 ಇಂಚಿನದು ಬೇಕು. ಉದ್ದದ ಬದಿ ರೋಲ್ ಬಿಚ್ಚಿಕೊಳ್ಳುವ ದಿಕ್ಕಿಗೆ ಹೋಗಬೇಕು.

2. ಪ್ಲಾಟರ್ ಕಾನ್ಫಿಗರೇಶನ್ ಎಡಿಟರ್‌ನಲ್ಲಿ ಕಸ್ಟಮ್ ಪೇಪರ್ ಸೈಜಸ್ ಆರಿಸಿ ಆ್ಯಡ್ ಒತ್ತಿ.

3. ಸ್ಟಾರ್ಟ್ ಫ್ರಂ ಸ್ಕ್ರ್ಯಾಚ್ ಆರಿಸಿ ಮುಂದೆ ಹೋಗಿ. ಇರುವ ಹಾಳೆಯನ್ನೇ ಮಾದರಿಯಾಗಿ ಹಿಡಿದು ತಿದ್ದುವ ಆಯ್ಕೆಯೂ ಅಲ್ಲಿದೆ, ಆದರೆ ಅದರಲ್ಲಿ ಹಳೆಯ ಅಂಚುಗಳೂ ಜೊತೆಗೆ ಬರುತ್ತವೆ.

4. ಮೀಡಿಯಾ ಬೌಂಡ್ಸ್ ಪುಟದಲ್ಲಿ ಮೊದಲು ಯೂನಿಟ್ ಮಿಲಿಮೀಟರ್ ಎಂದಿದೆಯೇ ನೋಡಿ. ಇಂಚು ಎಂದಿದ್ದಾಗ 2100 ಬರೆದರೆ ಹಾಳೆ 25.4 ಪಟ್ಟು ದೊಡ್ಡದಾಗುತ್ತದೆ. ವಿಡ್ತ್ 2100, ಹೈಟ್ 594.

5. ಪ್ರಿಂಟಬಲ್ ಏರಿಯಾ ಪುಟದಲ್ಲಿ ಪಿಡಿಎಫ್ ಆದರೆ ನಾಲ್ಕೂ ಬದಿ 0, ಪ್ಲಾಟರ್ ಆದರೆ ಅದರ ಅಂಚು.

6. ಹೆಸರಿನ ಪುಟದಲ್ಲಿ ‘ಯೂಸರ್ 1’ ಎಂದು ತಾನೇ ತುಂಬಿಕೊಳ್ಳುವ ಬಗೆಯ ಹೆಸರನ್ನು ಒಪ್ಪಬೇಡಿ. ಅಳತೆಯೇ ಹೆಸರಿನಲ್ಲಿರಲಿ: ‘ಉದ್ದ ಹಾಳೆ 2100 x 594’. ಹೆಸರು ಕೊಡುವುದಕ್ಕೆ ಅಕ್ಷರ, ಅಂಕಿ ಸಾಕು. ವಿಶೇಷ ಚಿಹ್ನೆಗಳು ಬೇಡ.

7. ಪಿಎಂಪಿ ಹೆಸರು ಕೇಳಿದಾಗ ಮೊದಲು ಮಾಡಿಟ್ಟ ಹೆಸರನ್ನೇ ಕೊಟ್ಟು ಫಿನಿಶ್ ಒತ್ತಿ.

ಫಿಲ್ಟರ್ ಪುಟಕ್ಕೆ ಹಿಂದಿರುಗಿ ಹೊಸ ಅಳತೆಗೆ ಟಿಕ್ ಇದೆಯೇ ಎಂದೂ ಖಚಿತ ಮಾಡಿಕೊಳ್ಳಿ. ಉದ್ದ ಎಷ್ಟಾದರೂ ಇರಲಿ ಎಂದು ಹಿಗ್ಗಿಸುತ್ತ ಹೋಗುವಂತಿಲ್ಲ: ಪಿಡಿಎಫ್ ಓದುವ ಸಾಫ್ಟ್‌ವೇರ್‌ಗಳಲ್ಲಿ ಪುಟದ ಬದಿಗೆ 200 ಇಂಚು, ಅಂದರೆ 5080 ಮಿ.ಮೀ. ಎಂಬುದು ಸಾಮಾನ್ಯ ಮಿತಿ. ಪ್ಲಾಟರ್ ಡ್ರೈವರ್‌ಗಳಿಗೆ ತಮ್ಮದೇ ಮಿತಿ ಇರುತ್ತದೆ.

ವಿಂಡೋಸ್ ಪ್ರಿಂಟರ್ ಆದರೆ

ಸಿಸ್ಟಂ ಪ್ರಿಂಟರ್‌ನಿಂದ ಮಾಡಿದ ಪಿಸಿ3ಯಲ್ಲಿ ಆಟೋಕ್ಯಾಡ್ ಒಳಗಿನಿಂದ ಹೊಸ ಅಳತೆ ಸೇರಿಸಲು ಹೋದರೆ ಆ್ಯಡ್ ಗುಂಡಿ ಕೆಲಸಕ್ಕೆ ಬರದೇ ಇರಬಹುದು. ಅಲ್ಲಿ ಕಾಗದದ ಮೇಲಿನ ಹಿಡಿತ ಡ್ರೈವರ್‌ನದು. ಹಾಗಾಗಿ ಅಳತೆಯನ್ನು ಡ್ರೈವರ್‌ನಲ್ಲೇ ಹುಟ್ಟಿಸಬೇಕು. ದೊಡ್ಡ ಪ್ಲಾಟರ್‌ಗಳ ಡ್ರೈವರ್‌ನಲ್ಲಿ ಕಸ್ಟಮ್ ಎಂಬ ಗುಂಡಿ ಇರುತ್ತದೆ. ಎಡಿಟರ್‌ನಲ್ಲಿ ಕಸ್ಟಮ್ ಪ್ರಾಪರ್ಟೀಸ್ ಒತ್ತಿದರೆ ಡ್ರೈವರ್‌ನ ಡಯಲಾಗ್ ತೆರೆಯುತ್ತದೆ, ಅಲ್ಲಿ ಸೇರಿಸಿ.

ಡ್ರೈವರ್‌ನಲ್ಲಿ ಅಂಥ ಗುಂಡಿ ಇಲ್ಲದಿದ್ದರೆ ವಿಂಡೋಸ್‌ನ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್ ಪುಟದಿಂದ ಪ್ರಿಂಟ್ ಸರ್ವರ್ ಪ್ರಾಪರ್ಟೀಸ್ ತೆರೆಯಿರಿ. ಫಾರ್ಮ್ಸ್ ಟ್ಯಾಬ್‌ನಲ್ಲಿ ಕ್ರಿಯೇಟ್ ಎ ನ್ಯೂ ಫಾರ್ಮ್‌ಗೆ ಟಿಕ್ ಹಾಕಿ, ಹೆಸರು, ಅಗಲ, ಎತ್ತರ, ಅಂಚು ತುಂಬಿ ಸೇವ್ ಫಾರ್ಮ್ ಒತ್ತಿ. ಇಲ್ಲಿ ಮೆಟ್ರಿಕ್ ಎಂದರೆ ಸೆಂಟಿಮೀಟರ್, 594 ಮಿ.ಮೀ.ಗೆ 59.4 ಬರೆಯಬೇಕು. ಇದಕ್ಕೆ ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕಾಗುತ್ತದೆ. ಸೇವ್ ಆದ ಮೇಲೂ ಆಟೋಕ್ಯಾಡ್ ಪಟ್ಟಿಯಲ್ಲಿ ಆ ಹೆಸರು ಬರದಿದ್ದರೆ ಎರಡು ಕಾರಣ: ಒಂದೋ ಆಟೋಕ್ಯಾಡ್ ಮುಚ್ಚಿ ತೆರೆದಿಲ್ಲ, ಇಲ್ಲವೇ ಅಳತೆ ಆ ಪ್ರಿಂಟರ್ ಹಿಡಿಯಬಲ್ಲ ಮಿತಿಯ ಹೊರಗಿದೆ. ಎ4 ಪ್ರಿಂಟರ್‌ಗೆ ಎ2 ಫಾರ್ಮ್ ಮಾಡಿದರೆ ಡ್ರೈವರ್ ಅದನ್ನು ತೋರಿಸುವುದಿಲ್ಲ.

ಪ್ಲಾಟ್ ಡಯಲಾಗ್‌ನಿಂದಲೇ ಪ್ರಾಪರ್ಟೀಸ್ ತೆರೆದು ಏನಾದರೂ ತಿದ್ದಿದಾಗ, ಬದಲಾವಣೆ ಈ ಒಂದು ಪ್ರಿಂಟ್‌ಗೆ ಮಾತ್ರವೋ ಅಥವಾ ಪಿಸಿ3 ಫೈಲಿಗೇ ಉಳಿಸಬೇಕೋ ಎಂದು ಆಟೋಕ್ಯಾಡ್ ಕೇಳುತ್ತದೆ. ಓದದೆ ಓಕೆ ಒತ್ತಿದರೆ ತಿದ್ದಿದ್ದು ತಾತ್ಕಾಲಿಕ ಫೈಲಿಗೆ ಹೋಗಿ ಮರುದಿನ ಕಾಣೆಯಾಗುತ್ತದೆ. ‘ನಿನ್ನೆ ಹಾಕಿದ್ದ ಸೈಜ್ ಇವತ್ತು ಇಲ್ಲ’ ಎಂಬ ದೂರಿಗೆ ಬಹಳ ಸಲ ಇಷ್ಟೇ ಕಾರಣ.

ಪೇಜ್ ಸೆಟಪ್‌ಗೆ ಕಟ್ಟಿ, ಟೆಂಪ್ಲೇಟ್‌ನಲ್ಲಿಡಿ

ಪಟ್ಟಿ ಶುದ್ಧವಾದ ಮೇಲೂ ಪ್ರತಿ ಸಲ ಕೈಯಿಂದ ಆರಿಸುತ್ತ ಕೂತರೆ ತಪ್ಪು ಮತ್ತೆ ನುಸುಳುತ್ತದೆ. ಲೇಔಟ್ ಟ್ಯಾಬ್ ಮೇಲೆ ಬಲಗುಂಡಿ ಒತ್ತಿ ಪೇಜ್ ಸೆಟಪ್ ಮ್ಯಾನೇಜರ್ ತೆರೆಯಿರಿ, ನ್ಯೂ ಒತ್ತಿ ಹೆಸರು ಕೊಡಿ, ಪ್ರಿಂಟರ್‌ಗೆ ನಿಮ್ಮ ಪಿಸಿ3, ಹಾಳೆಗೆ ಫುಲ್ ಬ್ಲೀಡ್ ಎ1, ಪ್ಲಾಟ್ ಏರಿಯಾಕ್ಕೆ ಲೇಔಟ್, ಸ್ಕೇಲ್ 1:1 (1 ಮಿ.ಮೀ.ಗೆ 1 ಯೂನಿಟ್), ಪೆನ್ನಿನ ಟೇಬಲ್ (ಗೆರೆಗಳ ದಪ್ಪ, ಬಣ್ಣದ ಪಟ್ಟಿ), ಲ್ಯಾಂಡ್‌ಸ್ಕೇಪ್ ಎಲ್ಲವನ್ನೂ ಒಮ್ಮೆ ತುಂಬಿ ಉಳಿಸಿ. ಇಂಥವು ಎ1ಕ್ಕೊಂದು, ಎ3ಗೊಂದು, ಉದ್ದ ಹಾಳೆಗೊಂದು ಇದ್ದರೆ ಸಾಕು. ಇವನ್ನು ಟೆಂಪ್ಲೇಟ್ ಫೈಲಿನಲ್ಲಿ ಉಳಿಸಿದರೆ ಹೊಸ ಡ್ರಾಯಿಂಗ್‌ಗಳಿಗೆ ತಾನಾಗಿ ಬರುತ್ತವೆ; ಹಳೆಯ ಡ್ರಾಯಿಂಗ್‌ಗೆ ಅದೇ ಮ್ಯಾನೇಜರ್‌ನ ಇಂಪೋರ್ಟ್ ಗುಂಡಿಯಿಂದ ತರಬಹುದು. ಪಬ್ಲಿಷ್‌ನಲ್ಲಿ ಹತ್ತಾರು ಹಾಳೆ ಒಟ್ಟಿಗೆ ಕಳಿಸುವಾಗಲೂ ಪ್ರತಿ ಸಾಲಿನ ಪಕ್ಕ ಬೇಕಾದ ಪೇಜ್ ಸೆಟಪ್ ಆರಿಸಬಹುದು.

ಎ1ಕ್ಕೆ ಮಾಡಿದ ಡ್ರಾಯಿಂಗನ್ನು ಪರಿಶೀಲನೆಗೆಂದು ಎ3ಯಲ್ಲಿ ತೆಗೆಯುವ ರೂಢಿ ಎಲ್ಲ ಕಡೆ ಇದೆ. ಎ1ರಿಂದ ಎ3ಗೆ ಸರಿಯಾಗಿ ಅರ್ಧ: 1:100 ಡ್ರಾಯಿಂಗ್ 1:200 ಆಗುತ್ತದೆ, ಅಳತೆಪಟ್ಟಿಯಲ್ಲಿ ಆ ಸ್ಕೇಲ್ ಇದೆ. ಅದಕ್ಕಾಗಿ ಪೇಜ್ ಸೆಟಪ್‌ನಲ್ಲಿ ಫಿಟ್ ಅಲ್ಲ, 1:2 ಎಂದೇ ಬರೆಯಿರಿ. ಎ1ರಿಂದ ಎ2ಗೆ ಇಳಿಸಿದರೆ 0.707ರಷ್ಟು ಕುಗ್ಗಿ 1:100 ಎಂಬುದು 1:141 ಆಗುತ್ತದೆ. ಅಂಥ ಪ್ರತಿಯ ಮೇಲೆ ಯಾರೂ ಅಳೆಯಬಾರದು.

ಮೊದಲ ಪ್ರಿಂಟ್ ಬಂದಾಗ ನಂಬಿಕೆಗೆ ಬಿಡದೆ ಅಳೆದು ನೋಡಿ. ಟೈಟಲ್ ಬ್ಲಾಕ್‌ನ ಮೂಲೆಯಲ್ಲಿ ಲೇಔಟ್‌ನಲ್ಲೇ 100 ಮಿ.ಮೀ. ಗೆರೆಯೊಂದನ್ನು ಎಳೆದಿಟ್ಟು, ಕಾಗದದ ಮೇಲೆ ಉಕ್ಕಿನ ಅಳತೆಪಟ್ಟಿ ಇಡಿ. ಸರಿಯಾಗಿ 100 ಬಂದರೆ ಮುಗಿಯಿತು. ಐದಾರು ಮಿ.ಮೀ. ತಪ್ಪಿದರೆ ಎಲ್ಲೋ ಫಿಟ್ ಒತ್ತಿದ್ದೀರಿ. ಅಡ್ಡಕ್ಕೆ ಸರಿ ಇದ್ದು ಉದ್ದಕ್ಕೆ ಮಾತ್ರ ಒಂದು ಮಿ.ಮೀ.ಗಿಂತ ಕಡಿಮೆ ವ್ಯತ್ಯಾಸ ಕಂಡರೆ ಅದು ಪೇಪರ್ ಸೈಜ್ ತಪ್ಪಲ್ಲ, ಕಾಗದ ಎಳೆಯುವ ಯಂತ್ರಭಾಗದ್ದು. ಅದನ್ನು ಪ್ರಿಂಟರ್‌ನ ತನ್ನದೇ ಕ್ಯಾಲಿಬ್ರೇಶನ್‌ನಿಂದ ಸರಿಪಡಿಸಬೇಕು. ಆಟೋಕ್ಯಾಡ್‌ನ ಪ್ಲಾಟರ್ ಕ್ಯಾಲಿಬ್ರೇಶನ್‌ಗೆ ಕೈ ಹಾಕುವುದು ಕೊನೆಯ ದಾರಿ, ಯಾಕೆಂದರೆ ಅದರ ಅಂಕಿ ಪಿಎಂಪಿಗೆ ಸೇರಿ ಪ್ರಿಂಟರ್ ಬದಲಾದ ಮೇಲೂ ಸದ್ದಿಲ್ಲದೆ ಕೆಲಸ ಮಾಡುತ್ತಲೇ ಇರುತ್ತದೆ.

ಕೈಕೊಡುವ ಕಡೆಗಳು

ಬೇರೆ ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್ ತೆರೆದಾಗ, ಲೇಔಟ್‌ನ ಕಾಗದದ ಅಳತೆಯನ್ನು ಈ ಸಾಧನ ಹಿಡಿಯುವುದಿಲ್ಲ ಎಂಬ ಎಚ್ಚರಿಕೆ ಬಂದರೆ ಅವಸರದಲ್ಲಿ ಒಪ್ಪಬೇಡಿ. ಒಪ್ಪಿದರೆ ಆ ಸಾಧನದ ಡೀಫಾಲ್ಟ್ ಹಾಳೆ ಬಂದು ಕೂರುತ್ತದೆ, ಎ1 ಲೇಔಟ್ ಎ4 ಆಗಿಬಿಡಬಹುದು. ಪೇಪರ್‌ಅಪ್‌ಡೇಟ್ (PAPERUPDATE) ಎಂಬ ಸಿಸ್ಟಂ ವೇರಿಯಬಲ್ 0 ಇದ್ದರೆ ಈ ಎಚ್ಚರಿಕೆ ಬರುತ್ತದೆ, 1 ಇದ್ದರೆ ಕೇಳದೆಯೇ ಹಾಳೆ ಬದಲಾಗುತ್ತದೆ. ಅದು 0 ಆಗಿಯೇ ಇರಲಿ. ಆಪ್ಶನ್ಸ್‌ನಲ್ಲೂ ಕೀಪ್ ದ ಲೇಔಟ್ ಪೇಪರ್ ಸೈಜ್ ಇಫ್ ಪಾಸಿಬಲ್ ಎಂಬುದೇ ಸರಿಯಾದ ಆಯ್ಕೆ.

ಎಚ್ಚರಿಕೆಯ ಮೂಲ ಸಾಮಾನ್ಯವಾಗಿ ಒಂದೇ: ಪಿಸಿ3 ಕಳಿಸಿದ್ದಾರೆ, ಪಿಎಂಪಿ ಮರೆತಿದ್ದಾರೆ. ಎರಡನ್ನೂ ಒಟ್ಟಿಗೆ ಕಳಿಸಬೇಕು. ಪಡೆದವರು ಪಿಸಿ3ಯನ್ನು ಪ್ಲಾಟರ್ಸ್ ಫೋಲ್ಡರ್‌ಗೂ ಪಿಎಂಪಿಯನ್ನು ಅದರೊಳಗಿನ ಪಿಎಂಪಿ ಫೈಲ್ಸ್ ಫೋಲ್ಡರ್‌ಗೂ ಹಾಕಿ, ಎಡಿಟರ್ ತೆರೆದು ಜೋಡಣೆ ಉಳಿದಿದೆಯೇ ನೋಡಬೇಕು. ತಪ್ಪಿದ್ದರೆ ಮತ್ತೆ ಅಟ್ಯಾಚ್ ಮಾಡಬೇಕು. ಆಟೋಕ್ಯಾಡ್‌ನ ಹೊಸ ಆವೃತ್ತಿ ಹಾಕಿದಾಗಲೂ ಇದೇ ಕೆಲಸ, ಯಾಕೆಂದರೆ ಪ್ರತಿ ಆವೃತ್ತಿಗೂ ಅದರದೇ ಫೋಲ್ಡರ್. ಹಲವರು ಕೂತು ಕೆಲಸ ಮಾಡುವ ಕಡೆ ಎರಡೂ ಬಗೆಯ ಫೈಲುಗಳನ್ನು ನೆಟ್‌ವರ್ಕ್ ಫೋಲ್ಡರ್‌ನಲ್ಲಿಟ್ಟು, ಆಪ್ಶನ್ಸ್‌ನ ಫೈಲ್ಸ್ ಟ್ಯಾಬ್‌ನಲ್ಲಿ ಪ್ರಿಂಟರ್ ಸಪೋರ್ಟ್ ಫೈಲ್ ಪಾತ್ ಅಡಿಯ ಎರಡು ದಾರಿಗಳನ್ನೂ (ಪಿಸಿ3ಯದು ಒಂದು, ಪಿಎಂಪಿಯದು ಇನ್ನೊಂದು) ಅಲ್ಲಿಗೆ ತಿರುಗಿಸಿ. ಆ ಫೋಲ್ಡರ್‌ಗೆ ಬರೆಯುವ ಅನುಮತಿ ಒಬ್ಬರ ಕೈಯಲ್ಲಿರಲಿ, ಉಳಿದವರಿಗೆ ಓದುವುದು ಮಾತ್ರ.

ಸಿಸ್ಟಂ ಪ್ರಿಂಟರ್‌ನ ಪಿಸಿ3ಯಲ್ಲಿ ವಿಂಡೋಸ್‌ನ ಪ್ರಿಂಟರ್ ಹೆಸರೂ ಇರುತ್ತದೆ. ಎರಡು ಕಂಪ್ಯೂಟರ್‌ಗಳಲ್ಲಿ ಒಂದೇ ಯಂತ್ರಕ್ಕೆ ಬೇರೆಬೇರೆ ಹೆಸರಿದ್ದರೆ ಒಂದರ ಪಿಸಿ3 ಇನ್ನೊಂದರಲ್ಲಿ ನಡೆಯುವುದಿಲ್ಲ. ಪಿಸಿ3 ಮಾಡುವ ಮೊದಲೇ ಎಲ್ಲ ಕಡೆ ಹೆಸರು ಒಂದು ಮಾಡಿಕೊಳ್ಳಿ.

ಪ್ಲಾಟ್ ಡಯಲಾಗ್ ತೆರೆಯಲು ತುಂಬ ಹೊತ್ತು ಹಿಡಿದರೆ, ಲೇಔಟ್ ಯಾವುದೋ ಆಫ್ ಆಗಿರುವ ನೆಟ್‌ವರ್ಕ್ ಪ್ರಿಂಟರ್ ಹಿಡಿದುಕೊಂಡು ಅದರ ಉತ್ತರಕ್ಕೆ ಕಾಯುತ್ತಿದೆ ಎಂದು ಮೊದಲು ಅನುಮಾನಿಸಿ. ಲೇಔಟ್‌ನ ಪ್ರಿಂಟರನ್ನು ನನ್ (None, ಯಾವುದೂ ಇಲ್ಲ) ಅಥವಾ ಪಿಡಿಎಫ್ ಪಿಸಿ3ಗೆ ಬದಲಿಸಿ ಉಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸ್ಕ್ರಿಪ್ಟ್ ಮೂಲಕ ಪ್ರಿಂಟ್ ಕೊಡುವವರು ಹಾಳೆಯ ಹೆಸರನ್ನು ಪಟ್ಟಿಯಲ್ಲಿರುವಂತೆಯೇ, ಆವರಣದೊಳಗಿನ 841.00 x 594.00ರ ದಶಾಂಶ, ಖಾಲಿ ಜಾಗ ಸಮೇತ ಬರೆಯಬೇಕು. ಒಂದು ಬಿಂದು ತಪ್ಪಿದರೂ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ.

ಬೇರೆ ಕ್ಯಾಡ್‌ಗಳಲ್ಲಿ

ಬ್ರಿಕ್ಸ್‌ಕ್ಯಾಡ್‌ನಲ್ಲೂ ಪಿಸಿ3 ಪದ್ಧತಿಯೇ ಇದೆ, ಪ್ರಿಂಟ್ ಆ್ಯಸ್ ಪಿಡಿಎಫ್ ಎಂಬುದು ಅದರ ಫೈಲು. ಮೇಲಿನ ಯೋಚನಾಕ್ರಮ ಅಲ್ಲಿಗೂ ಹೊಂದುತ್ತದೆ. ಲಿಬ್ರೆಕ್ಯಾಡ್‌ನಲ್ಲಿ ಹಾಳೆಯ ಅಳತೆ ಡ್ರಾಯಿಂಗ್ ಪ್ರಿಫರೆನ್ಸಸ್‌ನ ಪೇಪರ್ ಟ್ಯಾಬ್‌ನಲ್ಲಿ, ಡ್ರಾಯಿಂಗ್ ಜೊತೆಗೇ ಉಳಿಯುತ್ತದೆ. ಸ್ಕೇಲನ್ನು ಪ್ರಿಂಟ್ ಪ್ರಿವ್ಯೂನಲ್ಲಿ ಆರಿಸಬೇಕು. ಫ್ರೀಕ್ಯಾಡ್‌ನ ಟೆಕ್‌ಡ್ರಾ ಇನ್ನೂ ಭಿನ್ನ: ಅಲ್ಲಿ ಪುಟದ ಅಳತೆ ಎಂದರೆ ಟೆಂಪ್ಲೇಟ್ ಎಸ್‌ವಿಜಿ ಫೈಲಿನ ಅಗಲ, ಎತ್ತರ. ಹೊಸ ಅಳತೆ ಬೇಕೆಂದರೆ ಟೆಂಪ್ಲೇಟ್ ನಕಲು ಮಾಡಿ ಆ ಎರಡು ಅಂಕಿಗಳನ್ನೂ ವ್ಯೂಬಾಕ್ಸ್ ಎಂಬ ಚೌಕಟ್ಟಿನ ಅಂಕಿಗಳನ್ನೂ ಒಟ್ಟಿಗೆ ತಿದ್ದಬೇಕು. ಒಂದನ್ನು ಮಾತ್ರ ತಿದ್ದಿದರೆ ಸ್ಕೇಲ್ ಕೆಡುತ್ತದೆ.

ಪಿಡಿಎಫ್ ಕೈ ಬದಲಾದ ಮೇಲೆ

ಆಟೋಕ್ಯಾಡ್‌ನಲ್ಲಿ ಎಲ್ಲ ಸರಿ ಮಾಡಿ ಕಳಿಸಿದ ಪಿಡಿಎಫ್ ಅನ್ನು ಇನ್ನೊಬ್ಬರು ಪ್ರಿಂಟ್ ಮಾಡುವಾಗ ಅಲ್ಲಿನ ಡಯಲಾಗ್‌ನಲ್ಲಿ ಫಿಟ್ ಎಂದಿದ್ದರೆ ಇಷ್ಟು ಹೊತ್ತಿನ ಕೆಲಸವೆಲ್ಲ ನೀರುಪಾಲು. ಅಡೋಬ್ ರೀಡರ್‌ನಲ್ಲಿ ಆಕ್ಚುಯಲ್ ಸೈಜ್ ಆರಿಸಬೇಕು. ಬೇರೆಬೇರೆ ಅಳತೆಯ ಪುಟಗಳು ಒಂದೇ ಫೈಲಿನಲ್ಲಿದ್ದರೆ ಚೂಸ್ ಪೇಪರ್ ಸೋರ್ಸ್ ಬೈ ಪಿಡಿಎಫ್ ಪೇಜ್ ಸೈಜ್‌ಗೂ ಟಿಕ್ ಬೇಕು. ಫುಲ್ ಬ್ಲೀಡ್ ಎ1 ಪಿಡಿಎಫ್ ಅನ್ನು 610 ಮಿ.ಮೀ. ರೋಲಿನಲ್ಲಿ ತೆಗೆದರೆ ಎರಡೂ ಬದಿಗೆ 8 ಮಿ.ಮೀ. ಹೆಚ್ಚುವರಿ ಜಾಗ ಸಿಗುತ್ತದೆ, ಬಾರ್ಡರ್ ಯಂತ್ರದ ಅಂಚಿಗೆ ಸಿಕ್ಕಿಕೊಳ್ಳುವುದಿಲ್ಲ. ಕತ್ತರಿಸಿದ ಎ1 ಹಾಳೆಯಲ್ಲೇ ತೆಗೆಯುವುದಾದರೆ ಬಾರ್ಡರ್‌ನ 10 ಮಿ.ಮೀ. ಅಂಚು ಆ ಪ್ರಿಂಟರ್‌ನ ಕನಿಷ್ಠ ಅಂಚಿಗಿಂತ ಹೆಚ್ಚಿದೆಯೇ ಎಂದು ಮೊದಲೇ ವಿಚಾರಿಸಿ. ಕಳಿಸುವ ಸಂದೇಶದಲ್ಲಿ ಹಾಳೆಯ ಅಳತೆ, ‘100 ಪ್ರತಿಶತ, ಫಿಟ್ ಬೇಡ’ ಎಂಬ ಮಾತು, ಮತ್ತು ಅಳೆದು ನೋಡಬೇಕಾದ 100 ಮಿ.ಮೀ. ಗೆರೆ ಎಲ್ಲಿದೆ ಎಂಬುದು, ಈ ಮೂರನ್ನೂ ಬರೆಯಿರಿ.